ಬುಧವಾರದ ಹಡಗು

ಗಿರಾಕಿಯನ್ನು ನಾನು ಅಳೆಯುವುದು ಕೋಟಿನಿಂದಲ್ಲ, ಎಷ್ಟು ದಿನಕ್ಕೊಮ್ಮೆ ನನ್ನ ಬಾಗಿಲ ಗಂಟೆ ಬಾರಿಸುತ್ತಾನೆ ಎಂಬುದರಿಂದ. ಪತ್ರಿಕೆ ಮಾರುವವನಿಗೆ ಬೇರೆ ತಕ್ಕಡಿ ಬೇಡ. ದಿನಪತ್ರಿಕೆಯವರು ಗಡಿಬಿಡಿಯವರು, ಚಿಲ್ಲರೆ ನೋಡಿಕೊಳ್ಳದೆ ಹೋಗುತ್ತಾರೆ. ಮಾಸಿಕದವರು ಒಂದನ್ನು ಕೊಂಡು ಹತ್ತನ್ನು ಮಗುಚಿ ಹಾಕುತ್ತಾರೆ. ತ್ರೈಮಾಸಿಕ ಊರಿಗೆಲ್ಲ ಪಾದ್ರಿಯೊಬ್ಬರಿಗೇ ಬರುತ್ತದೆ, ಅವರು ಅದನ್ನು ಬಿಚ್ಚುವುದಿಲ್ಲ. ಮೇವಿಸ್ ಸಗ್ಡನ್ ವಾರದ ಗಿರಾಕಿ. ವಾರದವರು ನಂಬಿಕಸ್ತರು. ಬೆಲೆ ಕಟ್ಟುವುದಾದರೆ: ವಯಸ್ಸು ಐವತ್ತು ದಾಟಿದ್ದು, ತಳ ಹಾಕಿಸಿದ ಬೂಟು, ತಲೆಗೆ ಹೂವಿನ ಸ್ಕಾರ್ಫು, ಚೌಕಾಸಿ ಇಲ್ಲ. ಸರಕು ಗಟ್ಟಿ, ಆದರೆ ಬಹಳ ಕಾಲ ಕಪಾಟಿನೊಳಗೇ ಇಟ್ಟದ್ದು.

ಆ ಕಪಾಟು ಯಾವುದೆಂದರೆ ನಮ್ಮ ಗಣಿಬೀದಿಯ ಕೊನೆಯ ಮನೆಯ ಮುಂದಿನ ಕೋಣೆ. ಅವಳ ಗಂಡ ಎನಕ್ ವರ್ಷಾನುಗಟ್ಟಲೆ ಕಲ್ಲಿದ್ದಲು ಕಡಿದು, ಅದರ ಧೂಳಿನಲ್ಲಿ ತನ್ನ ಪಾಲನ್ನು ಎದೆಯೊಳಗೆ ತುಂಬಿಕೊಂಡು ಮೇಲೆ ಬಂದಿದ್ದ. ಮಹಡಿ ಹತ್ತಲಾರದಾದಾಗ ಅವನ ಹಾಸಿಗೆ ಕೆಳಗಿಳಿಯಿತು. ಒಂಟಿಯಾದರೆ ಹೆದರಿಕೆ ಹಿಡಿಯುತ್ತಿತ್ತು, ಹೆದರಿಕೆ ಹಿಡಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಮೇವಿಸ್ ಬ್ರೆಡ್ಡಿಗೆ ಬಂದರೂ ಓಡಿಕೊಂಡು ಬಂದು ಓಡಿಕೊಂಡೇ ಹೋಗುವಳು.

ಆಗ ಲಂಡನ್ನಿನ ಯಾರೋ ಪ್ರಕಾಶಕರು ಒಂದು ವಾರಪತ್ರಿಕೆ ಶುರು ಮಾಡಿದರು. ಓದುವುದಕ್ಕಲ್ಲ, ಕಟ್ಟುವುದಕ್ಕೆ. ಪ್ರತಿ ಸಂಚಿಕೆಯ ಜೊತೆ ಒಂದು ಪೊಟ್ಟಣ, ಅದರಲ್ಲಿ ಹಳೇ ಕಾಲದ ಯುದ್ಧನೌಕೆಯ ಒಂದಿಷ್ಟು ಮರದ ತುಂಡು. ಎಲ್ಲ ಸಂಚಿಕೆ ಕೊಂಡರೆ ಇಡೀ ಹಡಗು. ಅದು ಬರುತ್ತಿದ್ದದ್ದು ಬುಧವಾರ. ಅಂಟು ಹಚ್ಚುತ್ತ ಕೂತರೆ ಎನಕ್‌ಗೆ ಮಧ್ಯಾಹ್ನ ಪೂರ್ತಿ ಹೆದರಿಕೆಯೇ ಸುಳಿಯುವುದಿಲ್ಲವಂತೆ. ಮೇವಿಸ್ ಪೊಟ್ಟಣವನ್ನು ಅವನ ಕೈಗಿಟ್ಟು, ಹಾಕಿದ ಕೋಟಿನಲ್ಲೇ ಹೊರಬಿದ್ದು ಬಾರ್ನ್ಸ್ಲಿ ಪಟ್ಟಣದ ಬಸ್ಸು ಹತ್ತುತ್ತಿದ್ದಳು.

ಎಲ್ಲಿಗೆ ಎಂಬುದರ ಬಗ್ಗೆ ಊರಿನಲ್ಲಿ ಎರಡು ಪಕ್ಷ. ಒಂದು ಪಕ್ಷ ಬಿಂಗೊ ಜೂಜಿಗೆ ಎಂದಿತು, ಇನ್ನೊಂದು ಅಷ್ಟಕ್ಕೆ ತೃಪ್ತಿಪಡಲಿಲ್ಲ. ನಾನು ಕೇಳಿಯೇಬಿಟ್ಟೆ.

"ಯಾರವನು, ಮೇವಿಸ್? ಡ್ರೈವರ್ರೋ ಕಂಡಕ್ಟರ್ರೋ?"

"ನಿನ್ನ ಮೂತಿಗಿಷ್ಟು, ಹಾಲ್ರಾಯ್ಡ್! ಮೇಲಿನ ಅಂತಸ್ತಲ್ಲಿ ಮುಂದಿನ ಸೀಟು ಹಿಡ್ಕೋತೀನಿ. ಕೊನೇ ಸ್ಟಾಪಿಗೆ ಹೋಗ್ತೀನಿ. ಅದೇ ಬಸ್ಸಲ್ಲಿ ವಾಪಸ್ ಬರ್ತೀನಿ."

"ಅಷ್ಟೇನಾ? ಇಳಿಯೋದೂ ಇಲ್ವಾ?"

"ಯಾಕೆ ಇಳೀಲಿ? ಅಲ್ಲಿ ಯಾರ ಉಸಿರೂ ಕೇಳ್ಸಲ್ಲ ಕಣೋ."

ಚಳಿಗಾಲ ಮುಗಿಯುವ ಹೊತ್ತಿಗೆ ಕೊಳ್ಳುವವರು ಕಡಿಮೆಯಾಗಿ, ಪ್ರಕಾಶಕರು ಅದನ್ನು ಪಾಕ್ಷಿಕ ಮಾಡಿದರು. ಮುಖಪುಟದಲ್ಲಿ 'ವೀಕ್ಲಿ' ಇದ್ದ ಜಾಗದಲ್ಲಿ 'ಫೋರ್ಟ್‌ನೈಟ್ಲಿ' ಬಂತು. ಎರಡು ವಾರಕ್ಕೆ ನಮ್ಮ ಇಂಗ್ಲಿಷಿನಲ್ಲಿ ಹೇಳುವ ಆ ಮಾತಿಗೆ ಹದಿನಾಲ್ಕು ರಾತ್ರಿ ಎಂದೇ ಅರ್ಥ. ನಾನು ತೋರಿಸಿದೆ. ಮೇವಿಸ್ ಬಹಳ ಹೊತ್ತು ನೋಡಿದಳು.

"ಹದಿನಾಲ್ಕು ರಾತ್ರಿ! ಈ ಮಾತು ಹುಟ್ಟಿಸಿದೋಳು ಕೆಮ್ಮೋ ಗಂಡನ ಪಕ್ಕ ಮಲಗಿದ್ದೋಳೇ ಇರ್ಬೇಕು. ಇಲ್ದಿದ್ರೆ ಹಗಲು ಬಿಟ್ಟು ರಾತ್ರೀನ ಯಾಕೆ ಎಣಿಸ್ತಿದ್ಲು?"

ನಗುತ್ತಲೇ ಹೇಳಿದಳು. ಆದರೆ ಬೆರಳುಗಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದವು. ನನ್ನ ಅಂಗಡಿಯಲ್ಲಿ ಸೆಕೆಯೇನೂ ಇರಲಿಲ್ಲ. ಪೊಟ್ಟಣವಿಲ್ಲದ ಬುಧವಾರ ಅವಳಿಗೆ ಬಸ್ಸೂ ಇಲ್ಲ.

"ತಾಳು," ಎಂದು ಪೊಟ್ಟಣ ಹರಿದು, ಅರ್ಧ ತುಂಡುಗಳನ್ನು ಮಿಠಾಯಿ ಚೀಲಕ್ಕೆ ಸುರಿದೆ. "ಇದು ಈ ವಾರಕ್ಕೆ. ಉಳಿದದ್ದು ಮುಂದಿನ ಬುಧವಾರಕ್ಕೆ."

"ಮುಖಪುಟ ಎಲ್ಲಿ ಅಂತ ಎನಕ್ ಕೇಳಿದ್ರೆ?"

"ಇಲಿ ತಿಂತು ಅನ್ನು."

"ಹಾಲ್ರಾಯ್ಡ್ ಅಂಗಡೀಲಿ ಇಲಿ ಇದೆ ಅಂತ ಬೀದಿಗೆಲ್ಲ ಸಾರ್ಲಾ?"

"ಬೇಡ, ಬೇಡ. ಮಳೇಲಿ ನೆನೀತು ಅನ್ನು."

ಇದನ್ನು ಯಾರೂ ದಯೆ ಎಂದುಕೊಳ್ಳಬಾರದು. ವಾರ ವಾರ ಬರುವವಳು ವಾರ ವಾರ ಪೆಪ್ಪರ್‌ಮಿಂಟನ್ನೂ ಕೊಳ್ಳುತ್ತಾಳೆ. ಬೇಸಿಗೆಯಲ್ಲಿ ಪತ್ರಿಕೆ ಮಾಸಿಕವಾಯಿತು. ನಾನು ಪೊಟ್ಟಣವನ್ನು ನಾಲ್ಕು ಪಾಲು ಮಾಡಿದೆ, ಕಟ್ಟುವ ಕ್ರಮ ಹೇಳುವ ಹಾಳೆಗೂ ಕತ್ತರಿ ಹಾಕಿದೆ. ಒಂದು ಬುಧವಾರವಂತೂ ಚೀಲದಲ್ಲಿ ಇದ್ದದ್ದು ಒಂದೇ ಒಂದು ಫಿರಂಗಿ, ಕಡಲೆಕಾಳಿನಷ್ಟು. ಮೇವಿಸ್ ಅದನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದುಕೊಂಡು ಹೋದಳು. ಜೊತೆಗೆ ಕೊಂಡ ಅಂಟಿನ ಟ್ಯೂಬನ್ನು ಮಾತ್ರ ನನ್ನ ಗಲ್ಲಾಕಟ್ಟೆಯ ಮೇಲೇ ಮರೆತುಬಿಟ್ಟಳು.

ಬುಧವಾರ ಮಧ್ಯಾಹ್ನ ನಮ್ಮೂರಿನ ಅಂಗಡಿಗಳಿಗೆಲ್ಲ ಬೀಗ. ನಾನೂ ಬಾಗಿಲೆಳೆದು ಟ್ಯೂಬು ಹಿಡಿದು ಹೊರಟೆ, ಎಲ್ಲರಂತೆ ಹಿಂಬಾಗಿಲಿನಿಂದ ಒಳಹೊಕ್ಕೆ. ಮೇವಿಸ್ ಬಸ್ಸು ಹತ್ತಿಯಾಗಿತ್ತು. ಎನಕ್ ಮೇಜಿನ ಅಂಚನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದ, ಮುಖ ಬೂದಿಯಾಗಿತ್ತು. ಬಲಗೈಯಲ್ಲಿ ಚಾಕು. ಕೆಟಲಿನ ಆವಿಗೆ ಹಡಗನ್ನು ಹಿಡಿದು, ಅಂಟಿಸಿದ್ದ ಹಲಗೆಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದ.

"ಕಟ್ಟಿದ್ದನ್ನೇ ಕೀಳ್ತಿದ್ದೀಯಲ್ಲೋ, ಮಾರಾಯ!"

"ಮತ್ತೇನ್ ಮಾಡ್ಲಿ? ನೀನು ಕಳಿಸೋ ಒಂದು ಫಿರಂಗಿ ಅಂಟ್ಸೋಕೆ ಎಷ್ಟೊತ್ತು ಬೇಕು? ತಿಂಗಳಿಗೊಂದೇ ಬರೋದು ಅಂತ ಟೀವೀಲಿ ಜಾಹೀರಾತು ಹಾಕ್ತಾರೆ. ನಂಗೆ ಕೆಟ್ಟಿರೋದು ಎದೆ, ಕಣ್ಣಲ್ಲ." ಉಸಿರು ಸಿಗುವವರೆಗೆ ಕಾದ. "ಹಡಗು ಮುಗಿದ್ರೆ ಅವಳು ಯಾವ ನೆಪ ಹೇಳ್ಕೊಂಡು ಹೊರಗೆ ಹೋಗ್ತಾಳೆ?"

"ಅಂಟು ಹಿಡಿದ್ರೆ ಹೆದರಿಕೆ ಬರಲ್ಲ ಅಂತಿದ್ದೆಯಂತೆ?"

"ಅವಳು ಬಾಗಿಲು ಎಳೆದ್ಕೂಡ್ಲೇ ಬರುತ್ತೆ. ಬಸ್ಸು ವಾಪಸ್ ಬರೋವರ್ಗೂ ಇಲ್ಲೇ ಕೂತಿರುತ್ತೆ. ಹಡಗಂತೆ! ನಾನು ಸಮುದ್ರಾನೇ ನೋಡಿದೋನಲ್ಲ."

ಬುಧವಾರ ನಾನು ಬಂದು ಕೂರಲೇ ಎಂದು ಕೇಳಿದೆ.

"ನೀನು ಬಂದು ಕೂತ್ರೆ ಸಂಜೆಯೊಳಗೆ ಬೀದಿಯೆಲ್ಲ ಅವಳ ಕಿವಿಗೆ ಹಾಕುತ್ತೆ. ನಂಗೆ ಹೆದರಿಕೆ ಹೋಗಿಲ್ಲ ಅಂತ ಗೊತ್ತಾದ್ರೆ ಅವಳು ಹೊಸಿಲೂ ದಾಟಲ್ಲ. ಬಾಯಿಬಿಟ್ಟೆ ಅಂದ್ರೆ ನಿನ್ನ ಅಂಗಡಿಗೆ ಬೆಂಕಿ ಇಡ್ತೀನಿ, ನೋಡ್ಕೋ."

"ಅಂಗಡಿವರ್ಗೂ ನಡೆದ್ಕೊಂಡು ಬಾ, ನೋಡೋಣ."

"ಯಾರಾದ್ರೂ ಹಚ್ತಾರೆ. ಕಡ್ಡಿಪೆಟ್ಟಿಗೆ ನಿನ್ನ ಹತ್ರಾನೇ ತರಿಸ್ತೀನಿ."

ಟ್ಯೂಬನ್ನು ಮೇಜಿನ ಮೇಲಿಟ್ಟು ಹಿಂಬಾಗಿಲಿನಿಂದಲೇ ಬಂದೆ. ಬೀದಿಯ ಆ ತುದಿಯವರೆಗೂ ಅವನ ಉಸಿರು ನನ್ನ ಕಿವಿಯಲ್ಲಿತ್ತು.

ಎರಡು ತಿಂಗಳ ಹಿಂದೆ ಕೊನೆಯ ಸಂಚಿಕೆ ಬಂತು. ಅದರಲ್ಲಿ ಹಾಯಿ ಕಟ್ಟುವ ಮೂರು ಕೂವೆಮರ, ಹಾಯಿಗಳು, ಒಂದು ಬಾವುಟ. ಅದನ್ನು ಕಟ್ಟೆಯ ಕೆಳಗೆ ತಂಬಾಕಿನ ಡಬ್ಬಗಳ ಹಿಂದೆ ತಳ್ಳಿದೆ. ಬುಧವಾರ ಮೇವಿಸ್ ಕೋಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಬಂದಳು.

"ಬಂತಾ?"

"ಇನ್ನೂ ಇಲ್ಲ. ಲಂಡನ್ನಿನೋರು, ಗೊತ್ತಲ್ಲ. ಅಲ್ಲೀವರ್ಗೂ ಉಜ್ತಾ ಇರ್ಲಿ ಅಂತ ಇದನ್ನ ಕಳಿಸಿದ್ದಾರೆ." ಒಂದು ಮರಳುಕಾಗದ ಕೊಟ್ಟೆ.

ಅವಳು ಅದನ್ನು ತಿರುಗಿಸಿ ಹಿಂಬದಿ ನೋಡಿದಳು. "ಲಂಡನ್ನಿನೋರು ಬೆಲೆ ಬರೆಯೋದು ನಿನ್ನ ಅಕ್ಷರದಲ್ಲೇನು, ಹಾಲ್ರಾಯ್ಡ್?"

"ಹೂಂ. ಸೋಮಾರಿಗಳು."

ಅವಳು ನನ್ನನ್ನು ನೋಡಿದಳು, ಕಟ್ಟೆಯ ಕೆಳಭಾಗವನ್ನೂ ನೋಡಿದಳು. ಮರಳುಕಾಗದ ಚೀಲಕ್ಕೆ ಹಾಕಿಕೊಂಡು, "ತಡವಾದ್ರೂ ಪರವಾಗಿಲ್ಲ ಅಂತ ಬರಿ ಅವರಿಗೆ," ಎಂದು ಮನೆ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಬಾರ್ನ್ಸ್ಲಿ ಬಸ್ಸು ನನ್ನ ಕಿಟಕಿಯ ಮುಂದೆ ಹಾದುಹೋಯಿತು. ಮೇಲಿನ ಅಂತಸ್ತಿನಲ್ಲಿ, ಮುಂದಿನ ಸೀಟಿನಲ್ಲಿ ಹೂವಿನ ಸ್ಕಾರ್ಫು ಕಂಡಿತು.

ಅದಾದ ಮೇಲೂ ಪ್ರತಿ ಬುಧವಾರ ಅವಳು ಕೇಳುತ್ತಾಳೆ, ನಾನು ಇಲ್ಲ ಎನ್ನುತ್ತೇನೆ. ಹಡಗಿಗೆ ಅವರು ಕೊನೆಯ ಸಂಚಿಕೆಯವರೆಗೂ ಮುಂಗಡವಾಗಿಯೇ ಪೂರ್ತಿ ದುಡ್ಡು ಕೊಟ್ಟಿದ್ದಾರೆ. ಸಗ್ಡನ್ ಗಂಡ ಹೆಂಡತಿಗೆ ನಾನು ಮೂರು ಕೂವೆಮರ, ಅವುಗಳ ಹಾಯಿಗಳು ಮತ್ತು ಒಂದು ಬಾವುಟ ಕೊಡುವುದು ಬಾಕಿ ಇದೆ.