ಪ್ರತಿ ಸಲ ಬಿಚ್ಚಿದ ಒಂದೆಳೆ

"ಹಳೇ ಹಾಸು, ಅಂದ್ರೆ ಮಗ್ಗದ ಉದ್ದೆಳೆಗಳು, ಮುಗಿಯೋಕೆ ಬಂದಾಗ ಪೂರ್ತಿ ನೇಯಬಾರ್ದು ಕಣಕ್ಕ. ಮೊಳದಷ್ಟು ಬಾಲ ಮಗ್ಗದಲ್ಲೇ ಬಿಟ್ಟು, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಗಂಟು ಹಾಕ್ಬೇಕು. ಸಾವಿರದ ಇನ್ನೂರು ಗಂಟು. ಆಮೇಲೆ ಮೆಲ್ಲಗೆ ಎಳೆದ್ರೆ ಹಳೇದರ ಹಿಂದೇನೇ ಹೊಸದು ಹಣಿಗೆ ಹಲ್ಲು ದಾಟಿ ಬರುತ್ತೆ. ಒಂದು ಗಂಟು ಜಾರಿದ್ರೂ ಬಟ್ಟೆ ಉದ್ದಕ್ಕೂ ಗೆರೆ. ಬೆರಳಲ್ಲಿ ಜಿಡ್ಡಿದ್ರೆ ಗಂಟು ನಿಲ್ಲಲ್ಲ. ಅದಕ್ಕೇ ನಾನು ತಲೆಗೆ ಎಣ್ಣೆ ಮುಟ್ಟಿಸಿ ಮೂವತ್ತೊಂದು ವರ್ಷ ಆಯ್ತು."

ಹೀಗೆ ಹೇಳುತ್ತಿದ್ದವಳು ನಮ್ಮ ಪಕ್ಕದ ಮನೆಯವಳು. ಬೀದಿಯವರು ಇಟ್ಟ ಹೆಸರು ಗಂಟಕ್ಕ. ಗಂಡ ಸತ್ತಾಗ ಅವಳಿಗೆ ಹತ್ತೊಂಬತ್ತು; ಅಣ್ಣನ ಮನೆ ಸೇರಿದಳು. ಅಲ್ಲಿದ್ದದ್ದು ಎರಡು ಮಗ್ಗ. ಒಂದರಲ್ಲಿ ಅಣ್ಣ, ಇನ್ನೊಂದರಲ್ಲಿ ಅತ್ತಿಗೆ. ಎರಡಕ್ಕೂ ಗಂಟು ಹಾಕುವ ಕೆಲಸ ಇವಳದು; ಆಸೆ ಮಾತ್ರ ಮಗ್ಗದಲ್ಲಿ ಕೂತು ನೇಯುವುದು.

ಅತ್ತಿಗೆ ಮಾತು ಕೊಟ್ಟಳು. "ಒಂದೆಳೆಯೂ ಬಿಚ್ಚದ ಹಾಗೆ ಒಂದು ಹಾಸು ಗಂಟು ಹಾಕಿ ತೋರ್ಸು. ಅವತ್ತೇ ನನ್ನ ಮಗ್ಗ ನಿಂದು."

ಪ್ರತಿ ಹಾಸಿನಲ್ಲೂ ಒಂದೆಳೆ ಬಿಚ್ಚಿರುತ್ತಿತ್ತು. ಒಂದೇ ಒಂದು.

"ಅದು ಕೈಯೋ ಕಾಲೋ?" ಎಂದು ಅಣ್ಣ ಗದರುತ್ತಿದ್ದ.

"ಗಂಡನ್ನೇ ಹಿಡಿದಿಟ್ಕೊಳ್ಳಲಿಲ್ಲ, ನೂಲು ಹಿಡೀತಾಳಾ!" ಎಂದು ಅತ್ತಿಗೆ ನಗುತ್ತಿದ್ದಳು.

ಗಂಟಕ್ಕ ಜಿಡ್ಡು ಹೋಗಲೆಂದು ಬೆರಳ ತುದಿಗಳನ್ನು ಕಲ್ಲಿಗೆ ಉಜ್ಜಿ ರಕ್ತ ಬರಿಸಿಕೊಂಡಳು. ಎಣ್ಣೆ ಕಾಣದ ಕೂದಲು ಸೆಣಬಿನ ನಾರಾಯಿತು.

ಹೋದ ವರ್ಷ ಅತ್ತಿಗೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನೋಡಲು ಹೋಗಿದ್ದೆ. ಗಂಟಕ್ಕ ಅವಳ ತಲೆ ಬಾಚಲು ಬಾಚಣಿಗೆ, ಎಣ್ಣೆ ಬಾಟಲಿ ಹಿಡಿದು ಬಂದಳು. ಗಂಟಕ್ಕನ ಎದುರಿಗೇ ಅತ್ತಿಗೆ ನನಗೆ ಹೇಳಿದಳು:

"ಇವಳ ಗಂಟು ಒಂದು ದಿನವೂ ಜಾರಿಲ್ಲ ಕಣ್ರೀ. ಇವಳು ಊಟಕ್ಕೆ ಎದ್ದಾಗ ನಾನೇ ಒಂದೆಳೆ ಬಿಚ್ಚಿಡ್ತಿದ್ದೆ. ಮಗ್ಗ ಕೊಟ್ಟುಬಿಟ್ರೆ ಗಂಟು ಹಾಕೋ ಹಾಳು ಕೆಲಸ ಯಾರು ಮಾಡೋರು, ನಾನಾ?"

ಗಂಟಕ್ಕ ಅತ್ತಿಗೆಯ ಮಗ್ಗದ ಕಡೆ ನೋಡಿದಳು. ಆಮೇಲೆ ಕೇಳಿದಳು, "ಈಗ ಮಗ್ಗ ಖಾಲಿ ಇದೆಯಲ್ಲ ಅತ್ತಿಗೆ. ಕೂರ್ಲಾ?"

"ಕೂತ್ಕೊಳ್ಳೇ ತಾಯಿ, ಯಾರು ಬೇಡ ಅಂದ್ರು? ಮೊದಲು ಲಾಳಿ ಹಿಡಿಯೋಕಾಗುತ್ತಾ ನೋಡ್ಕೋ."

ಗಂಟಕ್ಕನ ಬೆರಳುಗಳು ಗಂಟು ಹಾಕಿ ಹಾಕಿ ಚಿಟಿಕೆ ಹಿಡಿದಂತೆ ಸೆಟೆದು ವರ್ಷಗಳೇ ಆಗಿದ್ದವು. ಅಡ್ಡನೂಲು ಒಯ್ಯುವ ಲಾಳಿ ಅವುಗಳಲ್ಲಿ ನಿಲ್ಲದು. ಬಾಚಣಿಗೆ ಹೇಗೋ ನಿಲ್ಲುತ್ತಿತ್ತು.

ಅವಳು ಅತ್ತಿಗೆಯ ಹಿಂದೆ ಕೂತಳು. ಎಣ್ಣೆಯನ್ನು ಅಂಗೈಗೆ ಸುರಿದು ಮೊದಲು ತನ್ನ ನೆತ್ತಿಗೆ ತಟ್ಟಿಕೊಂಡಳು. ಬಾಟಲಿ ಬರಿದಾಯಿತು. ಆಮೇಲೆ ಅತ್ತಿಗೆಯ ಒಣ ಕೂದಲಿಗೆ ಬಾಚಣಿಗೆ ಹಾಕಿದಳು.

"ಅಯ್ಯಯ್ಯೋ, ಮೆಲ್ಲಗೆ ಕಣೇ!"

ಸಿಕ್ಕು ಬಿಡಿಸದೆ, ಬುಡದಿಂದಲೇ ಎಳೆದು ಬಾಚುತ್ತಾ ಹೋದಳು.