ಚಿಲಕವಿಲ್ಲದ ಬಾಗಿಲಿನ ಚಿತ್ರ

ಬಂದಿರುವುದು ಒಬ್ಬರನ್ನು ಮಾತಾಡಿಸಿ ಪೇಪರಿಗೆ ಬರೆಯಲು. ಆದರೆ ಪರಿಚಯವಿಲ್ಲದವರ ಮುಂದೆ ನನಗೆ ಮಾತೇ ಹೊರಡುವುದಿಲ್ಲ. ದಾರಿಯುದ್ದಕ್ಕೂ ಗುನುಗಿಕೊಂಡು ಬಂದ ಮೊದಲ ಪ್ರಶ್ನೆ ಶಾಲೆಯ ಗೇಟಿನ ಬಳಿಯೇ ಮರೆತುಹೋಗಿದೆ. ಪುಣ್ಯಕ್ಕೆ, ಮಕ್ಕಳ ಬಾಯಲ್ಲಿ 'ಬಣ್ಣದಕ್ಕ' ಆಗಿರುವ ಈ ಚಿತ್ರಕಲೆ ಟೀಚರಿಗೆ ತಲೆಯೆತ್ತಲೂ ಪುರುಸೊತ್ತಿಲ್ಲ. ಮಧ್ಯಾಹ್ನ ಮಕ್ಕಳ ಚಿತ್ರಗಳ ಪ್ರದರ್ಶನವಿದೆ; ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವರಾಂಡದಲ್ಲಿ ಕುಕ್ಕರಗಾಲಲ್ಲಿ ಕೂತು ಡಬ್ಬಿ ಮುಚ್ಚಳಗಳಲ್ಲಿ ಪುಡಿಬಣ್ಣ ಕಲಸುತ್ತಿದ್ದಾರೆ.

"ನೀಲಿ ಗಂಟು ಕಟ್ಟುತ್ತೆ ಕಣಮ್ಮ, ಆ ಕಡ್ಡಿ ಕೊಡು."

ಕೊಡುತ್ತೇನೆ. ನಮ್ಮ ಸಂದರ್ಶನ ಹೀಗೆ ಶುರುವಾಗುತ್ತದೆ.

ಅಪ್ಪನ ಜೊತೆ ಅಂಗಡಿ ಬೋರ್ಡು ಬರೆಯುತ್ತ ಬೆಳೆದವರು. ಬೋರ್ಡುಗಳು ಪ್ರಿಂಟಾಗಿ ಬರತೊಡಗಿದ ಮೇಲೆ ಶಾಲೆಗಳ ಬಾಗಿಲು ತಟ್ಟಿದರು. ವಾರಕ್ಕೆ ಐದು ಶಾಲೆಗಳಿದ್ದವು, ಈಗ ಮೂರು. ಮಕ್ಕಳ ಹಕ್ಕುಗಳ ಬಗ್ಗೆ ಮಕ್ಕಳಿಂದಲೇ ಚಿತ್ರ ಬರೆಸುತ್ತಾರೆ.

"ನಿಮಗೇನು ಬೇಕು, ಏನು ಸಿಗ್ತಿಲ್ಲ ಅಂತ ಕೇಳ್ತೀನಿ. ಬಂದ ಉತ್ತರ ಕೆಲವು ಶಾಲೆಯವರಿಗೆ ಹಿಡಿಸಲ್ಲ. ಮುಂದಿನ ವರ್ಷ ಕರೆಯೋದೇ ಇಲ್ಲ."

ತರಗತಿ ತುಂಬುತ್ತಲೇ ಅವರ ಎರಡೂ ಕೈ ಬೆನ್ನ ಹಿಂದೆ ಹೋಗುತ್ತವೆ. ಮಕ್ಕಳ ಹಾಳೆಯನ್ನು ಅವರು ಮುಟ್ಟುವುದಿಲ್ಲ.

"ಅಕ್ಕಾ, ಕುದುರೆ ಸರಿ ಮಾಡಿಕೊಡಿ."

"ನನ್ನ ಕುದುರೆ ಅಲ್ಲವಲ್ಲಪ್ಪ. ಐದು ಕಾಲು ಬೇಕಿದ್ರೆ ಇರಲಿ ಬಿಡು."

"ಐದನೇದು ಬಾಲ ಅಕ್ಕಾ."

ನಗು ನುಂಗಿಕೊಂಡು ಈಚೆ ಬಂದವರು ನನ್ನ ಕಿವಿಯಲ್ಲಿ ಹೇಳುತ್ತಾರೆ: "ನಾನು ಒಂದು ಗೆರೆ ತಿದ್ದಿದ್ರೂ ಅದು ನನ್ನ ಮಾತಾಗಿಬಿಡುತ್ತೆ."

ಕೊನೆಯ ಬೆಂಚಿನ ಹುಡುಗಿ ಶಾಲೆಯ ಶೌಚಾಲಯ ಬರೆದಿದ್ದಾಳೆ. ಚಿತ್ರದಲ್ಲಿ ಹೊರಗೊಬ್ಬಳು ಬಾಗಿಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಾಳೆ.

"ಚಿಲಕ ಇಲ್ಲ. ಇವಳು ನನ್ನ ಫ್ರೆಂಡು, ಹಿಡ್ಕೊಂಡಿರ್ತಾಳೆ. ಇವಳು ರಜಾ ಹಾಕಿದ ದಿನ ನಾನು ನೀರೇ ಕುಡಿಯಲ್ಲ."

ಮಧ್ಯಾಹ್ನದ ಪ್ರದರ್ಶನಕ್ಕೆ ಚಿತ್ರಗಳನ್ನು ದಾರಕ್ಕೆ ಸಿಕ್ಕಿಸುವಾಗ ಹೆಡ್‌ಮಾಸ್ಟರು ಆ ಹುಡುಗಿಯ ಚಿತ್ರದ ಮುಂದೆ ನಿಲ್ಲುತ್ತಾರೆ. ಕೆಟ್ಟವರಲ್ಲ, ಅತಿಥಿಗಳು ಬರುವ ಹೊತ್ತಾಯಿತೆಂದು ಬೆವರುತ್ತಿದ್ದಾರೆ.

"ಬಂದವರಿಗೆ ಕಕ್ಕಸು ತೋರಿಸೋದೇನಮ್ಮ? ಇದನ್ನ ತೆಗೆದು ಒಂದು ಪಾರಿವಾಳ ಬರೆಸಿ."

"ಚಿತ್ರ ಅವಳದ್ದು ಸಾರ್. ಅವಳನ್ನೇ ಕೇಳಿ."

"ಹಾಗಾದ್ರೆ ಮುಂದಿನ ವರ್ಷದ್ದು ಯೋಚನೆ ಮಾಡಬೇಕಾಗುತ್ತೆ."

ಬಣ್ಣದಕ್ಕನ ಮುಖ ಸಣ್ಣದಾಗುತ್ತದೆ. ಆದರೂ ಚಿತ್ರದ ಕಡೆ ಕೈ ಚಾಚುವುದಿಲ್ಲ. ಹೆಡ್‌ಮಾಸ್ಟರು ನನ್ನತ್ತ ತಿರುಗುತ್ತಾರೆ.

"ನೀವು ಪೇಪರಿನವರು. ನೀವೇ ಹೇಳಿ, ಇದು ಮಕ್ಕಳು ಬರೆಯೋ ಚಿತ್ರಾನಾ?"

ಸುಮ್ಮನೆ ನಕ್ಕು ಜಾರಿಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು. ಆದರೆ ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ.

"ಶಾಲೆಗೆ ಹೋಗ್ತಿದ್ದಾಗ ನಾನೂ ನೀರು ಕುಡೀತಿರಲಿಲ್ಲ ಸಾರ್," ಎನ್ನುತ್ತೇನೆ.