ಪಾತಾಳ ಮಾವನ ಸಾಕ್ಷಿ

ಹೆತ್ತವರು ಇಟ್ಟ ಹೆಸರು ಊರಿಗೆ ಎಂದೋ ಮರೆತುಹೋಗಿತ್ತು. ನಲವತ್ತು ವರ್ಷ ಬಾವಿ ತೋಡಿದವನನ್ನು ಪಾತಾಳ ಮಾವ ಎನ್ನದೆ ಇನ್ನೇನೆನ್ನುತ್ತಾರೆ? ಊರಿನ ಅರವತ್ತು ಚಿಲ್ಲರೆ ಬಾವಿಗಳಲ್ಲಿ ಮೂವತ್ತೆಂಟು ಅವನ ಕೈಯವು. ಯಾವುದು ಎಷ್ಟಾಳು ಆಳ, ಯಾವ ಮೂಲೆಯಿಂದ ಸೆಲೆ ಬರುತ್ತದೆ, ಯಾವುದರ ತಳದಲ್ಲಿ ಯಾರ ಮನೆಯ ತಂಬಿಗೆ ಬಿದ್ದಿದೆ, ಎಲ್ಲ ಬಾಯಿಪಾಠ. ಮನುಷ್ಯ ಒಳ್ಳೆಯವನೇ. ಆದರೆ ಹೊಗಳಿದರೆ ಉಬ್ಬಿಹೋಗುತ್ತಿದ್ದ. "ನಿಮ್ಮನ್ನ ಅಟ್ಟಕ್ಕೇರಿಸೋಕೆ ಏಣಿ ಬೇಡ, ಎರಡು ಒಳ್ಳೆ ಮಾತು ಸಾಕು" ಎಂದು ಹೆಂಡತಿ ಆಗಾಗ ಹಂಗಿಸುತ್ತಿದ್ದಳು.

ಒಂದು ಬೆಳಿಗ್ಗೆ ನಕ್ಷೆ ಹಿಡಿದ ಎಂಜಿನಿಯರ್ ಒಬ್ಬ ಬಾಗಿಲಿಗೆ ಬಂದ. ಅಂತರ್ಜಲದ ಸಮೀಕ್ಷೆಯಂತೆ. ಮಾತುಮಾತಿಗೆ "ಸರ್" ಎಂದ. ಅರವತ್ತೈದು ವರ್ಷದಲ್ಲಿ ಮಾವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಮೂರು ದಿನ ಮನೆ ಕೆಲಸ ಬಿಟ್ಟು ಮಾವ ಅವನನ್ನು ಬಾವಿ ಬಾವಿಗೂ ಕರೆದುಕೊಂಡು ಹೋದ. ಕೊನೆಗೆ ಊರ ಹಿಂದಿನ ತಗ್ಗಿಗೆ ಇಳಿದು, ಹಿಮ್ಮಡಿಯಿಂದ ನೆಲ ಗುದ್ದಿದ.

"ತಾಯಿ ಸೆಲೆ ಇಲ್ಲಿದೆ. ಊರಿನ ಅಷ್ಟೂ ಬಾವಿಗೆ ನೀರು ಇಲ್ಲಿಂದಾನೇ."

ಎಂಜಿನಿಯರ್ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದ. "ಎಷ್ಟು ನೀರಿರಬಹುದು ಸರ್?"

"ಏಳು ತಲೆಮಾರು ಸೇದಿದ್ರೂ ಮುಗಿಯಲ್ಲ! ನಾನು ಹೇಳ್ತಿದೀನಿ, ಬರ್ಕೊಳ್ಳಿ."

ಆರು ತಿಂಗಳಲ್ಲಿ ಆ ತಗ್ಗಿನ ಸುತ್ತ ತಂತಿಬೇಲಿ ಎದ್ದಿತು. ಬರುತ್ತಿದ್ದದ್ದು ಕಾಗದದ ಕಾರ್ಖಾನೆ. ಎಂಜಿನಿಯರ್ ಅದರ ಕಡೆಯವನೇ. ಪರೀಕ್ಷೆಗೆಂದು ಹತ್ತೇ ದಿನ ಪಂಪು ಓಡಿಸಿದ್ದಕ್ಕೆ ಹತ್ತಿರದ ಮೂರು ಬಾವಿ ಒಂದೊಂದಾಳು ಇಳಿದವು. ಊರು ಎದ್ದು ನಿಂತಿತು. ಮುಂದಾಳು ನಿವೃತ್ತ ಟೀಚರಮ್ಮ. ಕಾರ್ಖಾನೆಗೆ ಅನುಮತಿ ಕೊಡಬೇಕೋ ಬೇಡವೋ ಎಂದು ಅಧಿಕಾರಿಗಳು ಊರವರ ಮುಂದೆ ವಿಚಾರಣೆ ನಡೆಸುವುದಿತ್ತು.

"ಓದಿದವರ ಮಾತಿಗೆ ಅವರು ಇನ್ನೊಬ್ಬ ಓದಿದವನನ್ನ ತಂದು ನಿಲ್ಲಿಸ್ತಾರೆ ಮಾವ" ಎಂದರು ಟೀಚರಮ್ಮ. "ನಿಮ್ಮಂಥವರನ್ನ ಎಲ್ಲಿಂದ ತರ್ತಾರೆ? ಕೊನೇಲಿ ನೀವೇ ಮಾತಾಡ್ಬೇಕು. ಊರು ನಿಮ್ಮನ್ನೇ ನಂಬಿದೆ."

ಎಂಜಿನಿಯರನಿಗೆ ಸೆಲೆ ತೋರಿಸಿದ್ದನ್ನು ಹೇಳಿಬಿಡಬೇಕೆಂದು ಮಾವ ಎರಡು ಸಲ ಟೀಚರಮ್ಮನ ಮನೆ ಮೆಟ್ಟಿಲ ತನಕ ಹೋದ. ಎರಡು ಸಲವೂ ಹಾಗೇ ತಿರುಗಿ ಬಂದ. ಆಗಲೇ ಬೊಗಳಿದ್ದರೆ ಏನಾಗುತ್ತಿತ್ತು? ಎರಡು ಬೈಗುಳ, ಅಷ್ಟೇ. ಆ ಹಾಳು ಮರ್ಯಾದೆ ಅವನ ಕಾಲು ಹಿಡಿದಿತ್ತು.

ವಿಚಾರಣೆಯ ದಿನ ಶಾಲೆಯ ಹಾಲ್ ಕಿಕ್ಕಿರಿದಿತ್ತು. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮಾವ ಮೈಕಿನ ಮುಂದೆ ನಿಂತ. ಚೆನ್ನಾಗಿಯೇ ಮಾತಾಡಿದ. ಕಾರ್ಖಾನೆ ಹೀಗೆ ಎಳೆದರೆ ಎರಡು ವರ್ಷಕ್ಕೆ ಊರು ಒಣಗುತ್ತದೆ ಎಂದ. ಚಪ್ಪಾಳೆ ಬಿತ್ತು. ಆಮೇಲೆ ಕಾರ್ಖಾನೆಯ ವಕೀಲ ಎದ್ದು, ಒಂದು ಕಟು ಮಾತೂ ಆಡದೆ, ಫೋನನ್ನು ಮೈಕಿಗೆ ಹಿಡಿದ.

"ಏಳು ತಲೆಮಾರು ಸೇದಿದ್ರೂ ಮುಗಿಯಲ್ಲ!" ಗೋಡೆಗೋಡೆಯಿಂದ ಅವನದೇ ದನಿ, ಅವನದೇ ನಗು.

"ಇದು ನಿಮ್ಮ ಮಾತೇ ಅಲ್ವಾ ಯಜಮಾನರೇ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಅದು ಕೊಡದ ಲೆಕ್ಕ ಸ್ವಾಮಿ" ಎಂದ ಮಾವ. "ಹಗ್ಗ ಹಾಕಿ ಕೊಡದಲ್ಲಿ ಸೇದೋ ಲೆಕ್ಕ. ನನಗೆ ಗೊತ್ತಿರೋದು ಅದೊಂದೇ."

ಮುಂದಿನ ಸಾಲಿನಲ್ಲಿದ್ದ ಕಾರ್ಖಾನೆಯವರು ನಕ್ಕರು. ಅಧಿಕಾರಿ ತಲೆ ಬಗ್ಗಿಸಿ ಏನೋ ಬರೆದುಕೊಂಡ. ತಿಂಗಳೊಳಗೆ ಅನುಮತಿ ಬಂತು.

ಅವನ ಮಾತಿಲ್ಲದಿದ್ದರೂ ಅನುಮತಿ ಬರುತ್ತಿತ್ತು, ಅದು ಮೊದಲೇ ತೀರ್ಮಾನವಾಗಿತ್ತು ಎನ್ನುವವರು ಈಗಲೂ ಇದ್ದಾರೆ. ಇರಬಹುದು. ಮಾವನಿಗೆ ಅದರಿಂದ ಏನೂ ಹಗುರಾಗಲಿಲ್ಲ. ವಿಚಾರಣೆಯ ದಿನ ಟೀಚರಮ್ಮನೇ ಅವನ ತೋಳು ಹಿಡಿದು ಮನೆಗೆ ಬಿಟ್ಟುಹೋಗಿದ್ದರು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಹುಷಾರು, ಮೆಟ್ಟಿಲಿದೆ."

ಎರಡು ವರ್ಷ ಬೇಕಾಗಲಿಲ್ಲ. ಬಾವಿಗಳು ಒಂದೊಂದಾಗಿ ಬತ್ತಿದವು. ಮಾವ ಮದುವೆಯಾದ ವರ್ಷ ಹಿತ್ತಲಲ್ಲಿ ತೋಡಿದ್ದ ಬಾವಿಯ ತಳವೂ ಬಿರುಕು ಬಿಟ್ಟಿತು. ಈಗ ಕಾರ್ಖಾನೆಯೇ ದಿನಾ ಹತ್ತು ಗಂಟೆಗೆ ಬೀದಿ ತುದಿಗೆ ಟ್ಯಾಂಕರ್ ಕಳಿಸುತ್ತದೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಜಾತಿ. ಮಂಡಿನೋವಿನ ಹೆಂಡತಿ ಎರಡು ಕೊಡ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ. ಮಾವ ಕದದ ಹಿಂದೆ ಕೂತಿರುತ್ತಾನೆ.

ಒಂದು ದಿನ ಅವಳು ಹೊಸಿಲಲ್ಲೇ ಕೊಡ ಕುಕ್ಕಿ, ಮಂಡಿ ಹಿಡಿದು ಕೂತಳು.

"ನನ್ನ ಕೈಲಾಗಲ್ಲ ಕಣ್ರೀ ಇನ್ನು. ನಾಳೆಯಿಂದ ನೀವು ಬನ್ನಿ. ಯಾಕೆ ಹೆದರ್ತೀರಿ? ಇಷ್ಟು ದಿನ ಆಯ್ತು, ಒಬ್ಬರಾದ್ರೂ ನಿಮ್ಮನ್ನ ಒಂದು ಮಾತು ಅಂದಿದಾರಾ?"

"ಅಂದಿದ್ರೆ ಬರ್ತಿದ್ದೆ ಕಣೇ" ಎಂದ ಮಾವ.